ಸೊನ್ನೆ ಹೊಡೆದ ರಾತ್ರಿಯ ಊಟ

ನಾನು ಕೋಚ್ ಅಲ್ಲ, ಸೈಕಾಲಜಿ ಓದಿದವಳೂ ಅಲ್ಲ. ಭದ್ರಾವತಿಯಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಅಮೆರಿಕಕ್ಕೆ ಹೋಗಿ ಸೇರಿಕೊಂಡ ಒಬ್ಬ ಅಕೌಂಟೆಂಟು. ಈ ಮಕ್ಕಳ ಕ್ರಿಕೆಟ್ ಕ್ಯಾಂಪ್ ನಡೆಸೋರು ನನ್ನನ್ನ ಇಲ್ಲಿ ನಿಮ್ಮೆದುರು ಮಾತಾಡೋಕೆ ನಿಲ್ಸಿರೋದು ಒಂದೇ ಕಾರಣಕ್ಕೆ, 2019ರಲ್ಲಿ ಏಪ್ರಿಲಿಂದ ಸೆಪ್ಟೆಂಬರ್ ತನಕ ನಮ್ಮ ಮನೆ ಮಹಡಿ ಮೇಲಿನ ರೂಮಲ್ಲಿ ಒಬ್ಬ ಬೇಸ್‌ಬಾಲ್ ಆಟಗಾರ ಇದ್ದ. ಮೈನರ್ ಲೀಗ್ ಆಟಗಾರ. ಅವನ ಬಟ್ಟೆ ಒಗೆದಿದೀನಿ, ರಾತ್ರಿ ಹನ್ನೊಂದು ಗಂಟೆಗೆ ಅನ್ನ ಬಿಸಿ ಮಾಡಿ ಹಾಕಿದೀನಿ, ಅವನು ಮಾತಾಡದೇ ಕೂತಾಗ ನಾನೂ ಎದುರಿಗೆ ಸುಮ್ನೆ ಕೂತಿದೀನಿ. ಅಷ್ಟೇ ನನ್ನ ಕ್ವಾಲಿಫಿಕೇಶನ್ನು.

ಅವನ ಹೆಸರು ಹೇಳಲ್ಲ, ಊರಿನ ಹೆಸರೂ ಹೇಳಲ್ಲ. ಊರು ಹೇಳಿದ್ರೆ ಟೀಮ್ ಗೊತ್ತಾಗತ್ತೆ, ಟೀಮ್ ಗೊತ್ತಾದ್ರೆ ಇಲ್ಲಿ ಫೋನ್ ಹಿಡ್ಕೊಂಡು ಕೂತಿರೋ ಯಾರಾದ್ರೂ ಎರಡು ನಿಮಿಷದಲ್ಲಿ ಅವನನ್ನ ಹುಡುಕಿಬಿಡ್ತೀರ. ಮಿಡ್‌ವೆಸ್ಟ್ ಲೀಗಿನ ಒಂದು ಊರು, ಸುತ್ತ ಎತ್ತ ನೋಡಿದ್ರೂ ಮೆಕ್ಕೆಜೋಳ, ದಾವಣಗೆರೆ ಕಡೆ ಮಳೆಗಾಲದಲ್ಲಿ ಬಸ್ಸಲ್ಲಿ ಹೋದ್ರೆ ಕಾಣತ್ತಲ್ಲ ಹಂಗೇ. ನಾನು ಹುಡುಗ ಅಂತೀನಿ. ಆಗ ಅವನಿಗೆ ಇಪ್ಪತ್ತೆರಡು.

ಮುಂದಿನ ಸಾಲಲ್ಲಿರೋ ಈ ಪುಟ್ಟ ಆಗ್ಲೇ ಕೈ ಎತ್ತಿದಾನೆ. ಅವನು ದೊಡ್ಡ ಟೀಮಿಗೆ ಸೆಲೆಕ್ಟ್ ಆದ್ನಾ ಆಂಟಿ ಅಂತ. ಹೇಳ್ತೀನಿ ಕಣೋ, ಕೊನೆಗೆ. ಈಗ್ಲೇ ಹೇಳಿಬಿಟ್ರೆ ನೀವೆಲ್ಲ ಕಥೆನ ಉತ್ತರದ ಕಡೆಯಿಂದಾನೇ ಕೇಳೋಕೆ ಶುರು ಮಾಡ್ತೀರ.

ಮೊದಲು ಈ ಮೈನರ್ ಲೀಗ್ ಅಂದ್ರೇನು ಅಂತ ಸ್ವಲ್ಪ. ಅಮೆರಿಕದಲ್ಲಿ ದೊಡ್ಡ ಲೀಗಿನ ಟೀಮು ಮೂವತ್ತು, ಈಗಿನ ಲೆಕ್ಕದಲ್ಲಿ ಒಂದೊಂದರಲ್ಲಿ 26 ಜನ, ಅಂದ್ರೆ ಯಾವುದೇ ದಿನ ತಗೊಂಡ್ರೂ ಸುಮಾರು 780 ಜಾಗ. ಆ ಜಾಗಕ್ಕೋಸ್ಕರ ಕೆಳಗೆ ಸಾವಿರಾರು ಹುಡುಗ್ರು ಮೆಟ್ಟಿಲಲ್ಲಿ ನಿಂತಿದಾರೆ. ರೂಕಿ, ಎ, ಹೈ ಎ, ಡಬಲ್ ಎ, ಟ್ರಿಪಲ್ ಎ ಅಂತ ಮೆಟ್ಟಿಲು, ಆಗ ಇನ್ನೊಂದು ಜಾಸ್ತಿನೇ ಇತ್ತು. ನಮ್ಮ ರಣಜಿ ತರ ಅಂದ್ಕೋಬೇಡಿ, ರಣಜಿ ಆಡೋನು ಕರ್ನಾಟಕಕ್ಕೆ ಆಡ್ತಾನೆ, ಗೆದ್ರೆ ಕಪ್ಪು ನಮ್ಮದು. ಅಲ್ಲಿ ಹಂಗಲ್ಲ, ಕೆಳಗಿನ ಟೀಮು ಮೇಲಿನ ಟೀಮಿನ ನರ್ಸರಿ. ಮ್ಯಾಚ್ ಗೆಲ್ಲೋದಕ್ಕಿಂತ ಸಸಿ ಬೆಳೀತಾ ಅನ್ನೋದೇ ಮುಖ್ಯ. ಬೆಳೆಯತ್ತೆ ಅಂತ ಅನ್ನಿಸೋ ಸಸಿಗೆ ಪ್ರಾಸ್ಪೆಕ್ಟ್ ಅಂತಾರೆ. ನಮ್ಮ ಹುಡುಗ ಪಟ್ಟಿಗಳಲ್ಲಿ ಹೆಸರು ಬರೋ ಪ್ರಾಸ್ಪೆಕ್ಟ್ ಅಲ್ಲ, ಡ್ರಾಫ್ಟ್ ಅಂದ್ರೆ ಟೀಮುಗಳು ಸರದಿ ಮೇಲೆ ಹೊಸ ಹುಡುಗರನ್ನ ಆರಿಸಿಕೊಳ್ಳೋದು, ಅದರಲ್ಲಿ ಆಗ ನಲವತ್ತು ರೌಂಡ್ ಇತ್ತು, ಅದರಲ್ಲಿ ಕೊನೆಕೊನೆಗೆ ತಗೊಂಡವನು. ಹಾಗಂತ ಕೊನೆ ಅಂದ್ರೆ ಕಥೆ ಮುಗೀತು ಅಂತನೂ ಅಲ್ಲ, ಮೈಕ್ ಪಿಯಾಟ್ಸಾ ಅನ್ನೋ ಆಟಗಾರನ್ನ 1988ರಲ್ಲಿ 62ನೇ ರೌಂಡಲ್ಲಿ ತಗೊಂಡಿದ್ರು, ಆಗ ರೌಂಡ್ ಇನ್ನೂ ಜಾಸ್ತಿ ಇತ್ತು, ಅವನು 2016ರಲ್ಲಿ ಹಾಲ್ ಆಫ್ ಫೇಮ್, ಅಂದ್ರೆ ಆಟದ ಮಹಾನ್ ಆಟಗಾರರ ಪಟ್ಟಿ, ಸೇರಿದ. ಇಂಥ ಒಂದು ಕಥೆ ಇರತ್ತಲ್ಲ, ಅದೇ ಸಾವಿರ ಹುಡುಗರನ್ನ ಮೆಟ್ಟಿಲ ಮೇಲೆ ನಿಲ್ಸತ್ತೆ.

ದುಡ್ಡಿನ ವಿಷಯ ಹೇಳ್ಬೇಕು, ಯಾಕಂದ್ರೆ ಅಮೆರಿಕ ಅಂದ್ರೆ ಎಲ್ರೂ ಕೋಟಿ ಅಂದ್ಕೋತೀರ. ಆಗ ಆ ಮಟ್ಟದಲ್ಲಿ ವಾರಕ್ಕೆ ಮಿನಿಮಮ್ 290 ಡಾಲರ್, ಅದೂ ಸೀಸನ್ ನಡೆಯೋ ತಿಂಗಳು ಮಾತ್ರ. ಅದರಲ್ಲಿ ಬಾಡಿಗೆ ಕಟ್ಟಿ ಊಟ ಮಾಡೋಕಾಗಲ್ಲ ಅಂತಾನೇ ಊರಿನವರು ಹುಡುಗರನ್ನ ಮನೇಲಿ ಇಟ್ಕೊಳ್ತಿದ್ರು, ಹೋಸ್ಟ್ ಫ್ಯಾಮಿಲಿ ಅಂತ. ನಮ್ಮ ಪಕ್ಕದ ಮನೆ ಅಜ್ಜಿ ಹತ್ತು ವರ್ಷದಿಂದ ಮಾಡ್ತಿದ್ಲು, ಅವಳೇ ನನ್ನ ತಲೆಗೆ ಹುಳ ಬಿಟ್ಟಿದ್ದು. ನಮ್ಮನೆಯವರು ಮೊದಲು ಬೇಡ ಅಂದ್ರು, ಆಮೇಲೆ ಅವನ ಜೊತೆ ರಾತ್ರಿ ಐಪಿಎಲ್ ಹೈಲೈಟ್ಸ್ ನೋಡ್ತಾ ಕೂತಿದ್ದು ಇವರೇ. ಈಗ ಎಲ್ಲ ಬದಲಾಗಿದೆ, 2022ರಿಂದ ಟೀಮುಗಳೇ ಮನೆ ಕೊಡ್ಬೇಕು, ಆಟಗಾರರು ಯೂನಿಯನ್ ಸೇರಿ 2023ರಲ್ಲಿ ಒಪ್ಪಂದ ಮಾಡ್ಕೊಂಡ ಮೇಲೆ ಟ್ರಿಪಲ್ ಎ ಸಂಬಳ ವರ್ಷಕ್ಕೆ 17,500 ಡಾಲರಿಂದ 35,800ಕ್ಕೆ ಏರ್ತು. ಒಳ್ಳೇದಾಯ್ತು, ಆದ್ರೆ ನಮ್ಮಂಥವರ ಮಹಡಿ ರೂಮು ಖಾಲಿ ಆಯ್ತು.

ಟೆಕ್ಸಾಸ್ ಕಡೆಯವನು, ಎಲ್ಲದಕ್ಕೂ ಮ್ಯಾಮ್ ಮ್ಯಾಮ್ ಅಂತಿದ್ದ. ಚಪಾತಿಗೆ ಟೋರ್ಟಿಯಾ ಅಂತಿದ್ದ, ನಾನು ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟೆ. ಅವನು ಕಲಿತ ಮೊದಲ ಕನ್ನಡ ಪದ ಏನು ಗೊತ್ತಾ? ಸಾಕು. ನಾನು ಬಡಿಸ್ತಾನೇ ಇರ್ತಿದ್ನಲ್ಲ, ನಮ್ಮಮ್ಮ ಮಾಡಿದಂಗೇ, ತಟ್ಟೆ ಮೇಲೆ ಅಡ್ಡ ಕೈ ಹಿಡಿದು "ಸಾಕು, ಸಾಕು" ಅನ್ನೋದನ್ನ ಒಂದೇ ವಾರಕ್ಕೆ ಕಲಿತ.

ಈಗ ಸೀಸನ್ನಿಗೆ ಬರೋಣ. 140 ಮ್ಯಾಚು, ಐದು ತಿಂಗಳು, ರಜಾ ದಿನ ಕೈಬೆರಳಲ್ಲಿ ಎಣಿಸಬಹುದು. ಓಡಾಟ ಪೂರ್ತಿ ಬಸ್ಸಲ್ಲಿ. ಆ ಲೀಗು ಅಯೋವಾದಿಂದ ಹಿಡಿದು ಒಹಾಯೊದ ಡೇಟನ್, ಈಸ್ಟ್‌ಲೇಕ್ ತನಕ ಹರಡಿಕೊಂಡಿತ್ತು, ಬೆಂಗಳೂರಿಂದ ಬೀದರಿಗೆ ಹೋಗೋಷ್ಟು ದೂರ, ಕೆಲವು ಸಲ ಅದಕ್ಕಿಂತ ಜಾಸ್ತಿ. ರಾತ್ರಿ ಮ್ಯಾಚ್ ಮುಗಿಸಿ ಬಸ್ ಹತ್ತಿ ಬೆಳಿಗ್ಗೆ ಇಳಿದು ಸಂಜೆ ಮತ್ತೆ ಆಟ. ಏಪ್ರಿಲಲ್ಲಿ ಅಲ್ಲಿ ಎಂಥ ಚಳಿ ಅಂದ್ರೆ ಬಾಲು ಬ್ಯಾಟಿಗೆ ಸರಿಯಾಗಿ ತಾಗದೇ ಇದ್ರೆ ಕೈಯೆಲ್ಲ ಜುಂ ಅನ್ನತ್ತಂತೆ. ಆ ಚಳಿಯಲ್ಲೇ ಚೆನ್ನಾಗಿ ಆಡಿದ. ಮೇನಲ್ಲೂ ಪರ್ವಾಗಿಲ್ಲ. ಜೂನಲ್ಲಿ ನಿಂತುಹೋಯ್ತು.

ನಿಂತುಹೋಯ್ತು ಅಂದ್ರೆ ಪೂರ್ತಿ. ಬೇಸ್‌ಬಾಲಲ್ಲಿ ಒಬ್ಬೊಬ್ಬನಿಗೆ ಒಂದು ಮ್ಯಾಚಲ್ಲಿ ನಾಲ್ಕು ಸಲ ಬ್ಯಾಟಿಂಗ್ ಸಿಗತ್ತೆ, ಹೆಚ್ಚುಕಮ್ಮಿ. ಬಾಲು ಹೊಡೆದು, ಔಟಾಗದೇ ಓಡಿ ಬೇಸ್ ಅನ್ನೋ ಗುರುತು ಮುಟ್ಟಿದ್ರೆ ಅದು ಹಿಟ್. ಹತ್ತು ಸಲ ಹೋಗಿ ಮೂರು ಸಲ ಹಿಟ್ ತಗೊಂಡ್ರೆ ಅವನು ಭಾರೀ ಬ್ಯಾಟ್ಸ್‌ಮನ್, ತ್ರೀ ಹಂಡ್ರೆಡ್ ಹಿಟ್ಟರ್ ಅಂತ ಹೊಗಳ್ತಾರೆ. ಯೋಚನೆ ಮಾಡಿ, ಏಳು ಸಲ ಫೇಲ್ ಆದೋನೇ ಅಲ್ಲಿ ಫಸ್ಟ್ ಕ್ಲಾಸು. ಬಾಲು ಗಂಟೆಗೆ 150 ಕಿಲೋಮೀಟರ್ ಸ್ಪೀಡಲ್ಲಿ ಬರತ್ತೆ, ನೆಲಕ್ಕೆ ಪಿಚ್ ಆಗಲ್ಲ, ಬ್ಯಾಟ್ ಹತ್ರ ಬರೋಕೆ ಅರ್ಧ ಸೆಕೆಂಡೂ ಬೇಡ. ಅದರಲ್ಲಿ ಹೊಡೆಯೋದಾ ಬಿಡೋದಾ ಅಂತ ತೀರ್ಮಾನ ಬೇರೆ. ನಮ್ಮ ಹುಡುಗ ಜೂನಲ್ಲಿ ಇಪ್ಪತ್ತು ಚಿಲ್ಲರೆ ಸಲ ಹೋದ, ಸಾಲಾಗಿ, ಒಂದೂ ಹಿಟ್ ಇಲ್ಲ. ಸ್ಲಂಪ್ ಅಂತಾರೆ.

ಅವತ್ತೊಂದು ರಾತ್ರಿ ಬಂದ, ನಾಲ್ಕಕ್ಕೆ ಸೊನ್ನೆ. ನಾನು ತಿಳಿಸಾರು ಅನ್ನ ಹಾಕಿ, ನಮ್ಮ ಕಡೆ ಹೇಳೋ ತರ ಹೇಳಿದೆ, ಬೇಜಾರಾಗ್ಬೇಡ, ನಾಳೆ ಚೆನ್ನಾಗಿ ಆಡ್ತೀಯ, ನೀನು ಎಷ್ಟು ಟ್ಯಾಲೆಂಟೆಡ್ ಗೊತ್ತಾ, ಇತ್ಯಾದಿ. ಅವನು ತುಂಬಾ ಮರ್ಯಾದೆಯಿಂದ ಹೇಳಿದ, ಮ್ಯಾಮ್, ಮ್ಯಾಚ್ ಬಗ್ಗೆ ಮಾತಾಡದೇ ಇದ್ರೆ ನಂಗೆ ತುಂಬಾ ಹೆಲ್ಪ್ ಆಗತ್ತೆ. ನಂಗೆ ಕೋಪ ಬಂತು, ನಿಜ ಹೇಳ್ತೀನಿ. ಸಮಾಧಾನ ಮಾಡೋಕೆ ಹೋದ್ರೆ ಇವನದೇನು ದೊಡ್ಡಸ್ತಿಕೆ ಅಂತ. ಎರಡು ದಿನ ಆದ್ಮೇಲೆ ಅವನೇ ವಿವರಿಸಿದ. ನೀವು ನಾಳೆ ಚೆನ್ನಾಗಿ ಆಡ್ತೀಯ ಅಂದಾಗ ನಂಗೆ ನಾಳೆ ಒಂದು ಸಾಲ ಆಗತ್ತೆ, ಆಡದೇ ಇದ್ರೆ ನಿಮಗೂ ಬಾಕಿ ಉಳಿಸ್ಕೊಂಡಂಗೆ ಅಂತ.

ಇಲ್ಲಿ ಅಪ್ಪ ಅಮ್ಮಂದಿರು ತುಂಬಾ ಜನ ಇದೀರ, ಅದಕ್ಕೇ ಇದನ್ನ ಇಷ್ಟು ಬಿಡಿಸಿ ಹೇಳ್ತಿರೋದು. ಮ್ಯಾಚ್ ಮುಗಿಸಿ ಸ್ಕೂಟರ್ ಹಿಂದೆ ಕೂತಿರೋ ಮಗುಗೆ ಗ್ರೌಂಡಿಂದ ಮನೆ ತನಕ ಅನಾಲಿಸಿಸ್ ಕೊಡ್ತೀರಲ್ಲ. ಬೈದ್ರೆ ಮಾತ್ರ ಭಾರ ಅಂದ್ಕೊಂಡಿದ್ದೆ ನಾನು, ಹೊಗಳಿದ್ರೂ ಭಾರ ಅಂತ ಅವತ್ತು ಗೊತ್ತಾಯ್ತು. ಅವತ್ತಿಂದ ನಾನು ಕೇಳ್ತಿದ್ದಿದ್ದು ಒಂದೇ, ಸಾರು ಬೇಕಾ ಮೊಸರು ಬೇಕಾ.

ಅವನ ಹತ್ರ ಒಂದು ನೋಟ್‌ಬುಕ್ ಇತ್ತು. ಮಲಗೋಕೆ ಮುಂಚೆ ಏನೋ ಗೀಚ್ತಿದ್ದ. ಒಂದು ಸಲ ತೋರಿಸಿದ. ಹಿಟ್ ಎಷ್ಟು, ರನ್ ಎಷ್ಟು ಅಂತ ಎಲ್ಲೂ ಇಲ್ಲ! ಯಾವ ಬಾಲಿಗೆ ಬ್ಯಾಟ್ ಬೀಸಿದೆ, ಬೀಸಬೇಕಾದ ಬಾಲಾ ಅದು, ಬಿಟ್ಟಿದ್ದು ಬಿಡಬೇಕಾದ್ದಾ, ಕಾಲು ಸರಿಯಾದ ಟೈಮಿಗೆ ಇಟ್ಟೆನಾ, ಇಷ್ಟೇ, ಟಿಕ್ಕು ಅಥವಾ ಕ್ರಾಸು. ನಾಲ್ಕಕ್ಕೆ ಸೊನ್ನೆ ಹೊಡೆದ ದಿನ ಪೂರ್ತಿ ಟಿಕ್ಕು, ಯಾಕಂದ್ರೆ ಎರಡು ಸಲ ಬಾಲನ್ನ ಬಲವಾಗೇ ಹೊಡೆದಿದ್ದ, ಅದು ಸೀದಾ ಫೀಲ್ಡರ್ ಕೈಗೆ ಹೋಯ್ತು. ಎರಡು ಹಿಟ್ ಸಿಕ್ಕಿದ ದಿನ ಬರೀ ಕ್ರಾಸು, ಬ್ಯಾಟಿನ ತುದಿಗೆ ತಾಗಿ ಎಲ್ಲೋ ಖಾಲಿ ಜಾಗದಲ್ಲಿ ಬಿದ್ದಿತ್ತಂತೆ. ನಾನು ಲೆಕ್ಕ ಬರೆಯೋಳು, ನಂಗೆ ತಕ್ಷಣ ಅರ್ಥ ಆಯ್ತು. ನಮ್ಮ ಕಸುಬಲ್ಲೂ ಹಂಗೇ, ದುಡಿದ ದುಡ್ಡು ಬೇರೆ, ಕೈಗೆ ಬಂದ ದುಡ್ಡು ಬೇರೆ, ಎರಡನ್ನೂ ಒಂದೇ ಕಾಲಮ್ಮಲ್ಲಿ ಬರೆದ್ರೆ ವ್ಯಾಪಾರ ಹೆಂಗೆ ನಡೀತಿದೆ ಅಂತ ಗೊತ್ತೇ ಆಗಲ್ಲ. ಬರೆದಾದ್ಮೇಲೆ ಪುಸ್ತಕ ಮುಚ್ಚಿ ಲೈಟ್ ಆಫ್. ಅವತ್ತಿನ ದಿನ ಅಲ್ಲಿಗೆ ಕ್ಲೋಸ್.

ಇದನ್ನ ಇಂಡಿಯಾದಲ್ಲಿ ಯಾರಿಗೆ ಹೇಳಿದ್ರೂ ಓ ಇದು ಗೀತೆಲಿ ಇದೆ ಅಂತಾರೆ, ಕರ್ಮಣ್ಯೇವಾಧಿಕಾರಸ್ತೇ. ಇದೆ, ಒಪ್ಪಿದೆ. ಆದ್ರೆ ಗೀತೆ ಹೇಳಿದವನು ಸ್ಲಂಪಲ್ಲಿ ಇರ್ಲಿಲ್ಲ, ಕೇಳಿಸ್ಕೊಂಡೋನು ಇದ್ದ. ಆ ಕೇಳಿಸ್ಕೊಂಡೋನಿಗೂ ಹದಿನೆಂಟು ಅಧ್ಯಾಯ ಬೇಕಾಯ್ತು.

ನಮ್ಮೂರಿನದೇ ಒಂದು ಉದಾಹರಣೆ ಅವನಿಗೆ ಹೇಳಿದ್ದೆ. ಭದ್ರಾವತಿಯವಳಾಗಿ ಕ್ರಿಕೆಟಿನ ಜಿ.ಆರ್. ವಿಶ್ವನಾಥ್ ಬಗ್ಗೆ ಹೇಳದೇ ಇರೋಕಾಗತ್ತಾ, ನಮ್ಮಪ್ಪ ಐರನ್ ಫ್ಯಾಕ್ಟರಿಲಿ ಇದ್ದಾಗ ಊಟದ ಟೈಮಲ್ಲಿ ಇದೇ ಮಾತಂತೆ. 1969, ಕಾನ್ಪುರ, ಆಸ್ಟ್ರೇಲಿಯಾ ಮೇಲೆ ಅವರ ಜೀವನದ ಮೊದಲ ಟೆಸ್ಟು, ಮೊದಲ ಇನಿಂಗ್ಸಲ್ಲಿ ಸೊನ್ನೆ, ಎರಡನೇದರಲ್ಲಿ 137. ಕ್ಯಾಪ್ಟನ್ ಪಟೌಡಿ ಧೈರ್ಯ ಹೇಳಿದ್ರು ಅಂತ ವಿಶ್ವನಾಥೇ ಹೇಳ್ಕೊಂಡಿದಾರೆ. ಇದನ್ನ ಕೇಳಿಸ್ಕೊಂಡು ಹುಡುಗ ಹಾಕಿದ ಪ್ರಶ್ನೆ ಮಜಾ ಇತ್ತು, ಸೊನ್ನೆ ಆದ್ಮೇಲೆ ಎರಡನೇ ಬ್ಯಾಟಿಂಗಿಗೆ ಎಷ್ಟು ಹೊತ್ತು ಕಾದ್ರು ಅಂತ. ಅದೇ ಟೆಸ್ಟಲ್ಲಿ, ದಿನಗಟ್ಲೆ ಅಂದೆ. ಅಷ್ಟು ಹೊತ್ತು ಸೊನ್ನೆ ಇಟ್ಕೊಂಡು ಕೂರೋದಾ, ನಂಗಾಗಲ್ಲ, ನಂಗೆ ಮುಕ್ಕಾಲು ಗಂಟೆಗೆ ಇನ್ನೊಂದು ಚಾನ್ಸ್ ಬರತ್ತೆ, ಅದಕ್ಕೇ ಬದುಕಿದೀನಿ ಅಂದ. ಈ ಮಾತನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ಅವನು ನಂಗೆ ವಾಪಸ್ ಹೇಳಿದ ಕಥೆ ಇನ್ನೂ ಚೆನ್ನಾಗಿದೆ. 1981 ಏಪ್ರಿಲ್ 18, ಪಾಟಕೆಟ್ ಅನ್ನೋ ಊರು, ರೋಡ್ ಐಲೆಂಡಲ್ಲಿ. ಟ್ರಿಪಲ್ ಎ ಮ್ಯಾಚು, ಪಾಟಕೆಟ್ ಮತ್ತೆ ರಾಚೆಸ್ಟರ್. ಬೇಸ್‌ಬಾಲಲ್ಲಿ ಒಂದು ಇನಿಂಗ್ಸ್ ಅಂದ್ರೆ ಎರಡೂ ಟೀಮಿಗೆ ಒಂದೊಂದು ಸಲ ಬ್ಯಾಟಿಂಗ್, ಮೂರು ಔಟ್ ಆಗೋ ತನಕ. ಒಂಬತ್ತು ಇನಿಂಗ್ಸಿಗೆ ಮುಗೀಬೇಕು, ಟೈ ಆಯ್ತು, ಬೇಸ್‌ಬಾಲಲ್ಲಿ ಡ್ರಾ ಇಲ್ಲ, ಒಬ್ಬರು ಗೆಲ್ಲೋ ತನಕ ಆಡ್ತಾನೇ ಇರ್ಬೇಕು. ಹತ್ತು ಆಯ್ತು, ಇಪ್ಪತ್ತು ಆಯ್ತು. ಮಧ್ಯರಾತ್ರಿ ಚಳಿಗೆ ಮುರಿದ ಬ್ಯಾಟನ್ನ ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿಕೊಂಡ್ರಂತೆ. ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ನಿಲ್ಸಿದಾಗ 32 ಇನಿಂಗ್ಸ್ ಮುಗಿದಿತ್ತು, ನೋಡೋಕೆ ಉಳಿದೋರು 19 ಜನ. ಜೂನ್ 23ಕ್ಕೆ ಮುಂದುವರೆಸಿದ್ರು, 33ನೇ ಇನಿಂಗ್ಸಲ್ಲಿ ಹದಿನೆಂಟೇ ನಿಮಿಷಕ್ಕೆ ಮುಗೀತು. ಆ ಮ್ಯಾಚಲ್ಲಿ ಆಡಿದ ವೇಡ್ ಬಾಗ್ಸ್, ಕ್ಯಾಲ್ ರಿಪ್ಕನ್ ಇಬ್ರೂ ಮುಂದೆ ಹಾಲ್ ಆಫ್ ಫೇಮ್ ಸೇರಿದ್ರು. ಗೆಲುವಿನ ಹಿಟ್ ಹೊಡೆದೋನು ಡೇವ್ ಕೋಜಾ, ಅವನಿಗೆ ದೊಡ್ಡ ಲೀಗಲ್ಲಿ ಒಂದು ಮ್ಯಾಚೂ ಸಿಗ್ಲಿಲ್ಲ. ಆದ್ರೆ ನಮ್ಮ ಹುಡುಗನ ಹೀರೋ ಇವರ್ಯಾರೂ ಅಲ್ಲ, ರಾಚೆಸ್ಟರಿನ ಡಲ್ಲಾಸ್ ವಿಲಿಯಮ್ಸ್. ಆ ಒಂದೇ ಮ್ಯಾಚಲ್ಲಿ ಹದಿಮೂರಕ್ಕೆ ಸೊನ್ನೆ. ಒಂದು ಮ್ಯಾಚಲ್ಲಿ ಹದಿಮೂರು! ನಂದು ಇಪ್ಪತ್ತು ಚಿಲ್ಲರೆ ಆದ್ರೂ ಒಂದು ವಾರ ತಗೊಂಡಿದೆ ಅಂತ ನಗ್ತಿದ್ದ. ಸ್ಲಂಪಲ್ಲಿ ಇರೋನು ನಕ್ಕಿದ್ದು ನಾನು ನೋಡಿದ್ದು ಅದೇ ಮೊದಲು.

ಮೈಕಲ್ ಜೋರ್ಡನ್ ಹೆಸರು ಇಲ್ಲಿರೋ ಮಕ್ಕಳಿಗೆ ಶೂ ಇಂದ ಗೊತ್ತು. ಬಾಸ್ಕೆಟ್‌ಬಾಲ್ ರಾಜ, ಅದನ್ನ ಬಿಟ್ಟು 1994ರಲ್ಲಿ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಅನ್ನೋ ಡಬಲ್ ಎ ಟೀಮಿಗೆ ಬೇಸ್‌ಬಾಲ್ ಆಡೋಕೆ ಹೋದ, ಮೂವತ್ತೊಂದು ವಯಸ್ಸಲ್ಲಿ. ಶುರುನಲ್ಲಿ ಸಾಲಾಗಿ 13 ಮ್ಯಾಚಲ್ಲಿ ಹಿಟ್ ತಗೊಂಡ. ಆಮೇಲೆ ಬೌಲರ್‌ಗಳು ಕರ್ವ್, ಅಂದ್ರೆ ಗಾಳೀಲೇ ತಿರುಗೋ ಬಾಲು, ಹಾಕೋಕೆ ಶುರು ಮಾಡಿದ್ರು, ಅಲ್ಲಿಗೆ ಕಥೆ ಬೇರೆ ಆಯ್ತು. 127 ಮ್ಯಾಚು, ಆವರೇಜು 202, ಅಂದ್ರೆ ಹತ್ತಕ್ಕೆ ಎರಡು, ಮೂರು ಸ್ಟ್ರೈಕ್ ಆಗಿ ಔಟಾಗೋ ಸ್ಟ್ರೈಕ್ ಔಟ್ 114 ಸಲ, ಹೋಮ್ ರನ್ ಮೂರು. ಪೇಪರಿನವರು ಆಡ್ಕೊಂಡು ನಕ್ರು. ಆದ್ರೆ ಇದೇ ನಂಬರನ್ನ ಹುಡುಗ ಬೇರೆ ತರ ಓದ್ತಿದ್ದ, 30 ಬೇಸ್ ಕದ್ದಿದಾನೆ, 51 ಸಲ ವಾಕ್ ತಗೊಂಡಿದಾನೆ, ನಾಲ್ಕು ಕೆಟ್ಟ ಬಾಲು ಬಿಟ್ರೆ ಸುಮ್ನೆ ಮೊದಲ ಬೇಸಿಗೆ ನಡ್ಕೊಂಡು ಹೋಗ್ಬಹುದು, ಅಂದ್ರೆ ಬಾಲು ಬಿಡೋದನ್ನ ಕಲೀತಿದ್ದ, ಪ್ರಪಂಚ ಪೂರ್ತಿ ನಗ್ತಿರುವಾಗ ದಿನಾ ಮೈದಾನಕ್ಕೆ ಬಂದಿದಾನೆ ಅಂತ. ನಂಗೆ ಜೋರ್ಡನ್ ಬಗ್ಗೆ ಅಷ್ಟು ಕನಿಕರ ಇಲ್ಲ. ವಾಪಸ್ ಹೋಗೋಕೆ ಅವನಿಗೊಂದು ಸಿಂಹಾಸನ ಇತ್ತು, 1995 ಮಾರ್ಚಲ್ಲಿ ಹೋಗಿ ಕೂತ. ಬಸ್ಸಲ್ಲಿ ಪಕ್ಕದ ಸೀಟಲ್ಲಿ ಮಲಗಿದ್ದ ಹುಡುಗರಿಗೆ ಅದಿರಲಿಲ್ಲ.

ಇಂಡಿಯಾದವರು ಯಾರೂ ಆಡಿಲ್ವಾ ಅಂತ ಹಿಂದಿಂದ ಯಾರೋ ಕೇಳಿದ್ರಿ. ಆಡಿದಾರೆ. ರಿಂಕು ಸಿಂಗ್, ನಮ್ಮ ಸಿಕ್ಸರ್ ರಿಂಕು ಅಲ್ಲ, ಬೇರೆ, ಮತ್ತೆ ದಿನೇಶ್ ಪಟೇಲ್. ಇಬ್ರೂ ಯುಪಿ ಕಡೆ ಜಾವೆಲಿನ್ ಹುಡುಗ್ರು, ಬೇಸ್‌ಬಾಲ್ ಕೈಲಿ ಹಿಡಿದೇ ಇರ್ಲಿಲ್ಲ. 2008ರಲ್ಲಿ ಒಂದು ಟಿವಿ ಸ್ಪರ್ಧೆಯಿಂದ ಆರಿಸಿ ಕರ್ಕೊಂಡು ಹೋದ್ರು, ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಸೈನ್ ಮಾಡ್ಸಿಕೊಂಡ್ತು. ದಿನೇಶ್ 2010ರಲ್ಲೇ ವಾಪಸ್. ರಿಂಕು ಕೆಲವು ವರ್ಷ ಕೆಳಗಿನ ಮೆಟ್ಟಿಲಲ್ಲಿ ಆಡಿದ, ಆಮೇಲೆ ಗಾಯ, ಆಮೇಲೆ ಕುಸ್ತಿ, ಡಬ್ಲ್ಯೂ ಡಬ್ಲ್ಯೂ ಇ ನೋಡೋರಿಗೆ ಮುಖ ನೋಡಿದ್ರೆ ಗೊತ್ತಾಗತ್ತೆ.

ಸರಿ, ಹುಡುಗನ ವಿಷಯ. ಜುಲೈಯಲ್ಲಿ ಅವನ ಬ್ಯಾಟು ವಾಪಸ್ ಬಂತು, ಹೆಂಗೆ ಬಂತು ಅಂತ ಅವನಿಗೂ ಗೊತ್ತಿಲ್ಲ, ಹೋಗಿದ್ದು ಹೆಂಗೆ ಅಂತನೂ ಗೊತ್ತಿರ್ಲಿಲ್ಲ. ಆದ್ರೆ ಜುಲೈಯಲ್ಲೇ ಇನ್ನೊಂದು ಆಯ್ತು. ಅವನ ಜೊತೆ ಬಸ್ಸಲ್ಲಿ ದಿನಾ ಪಕ್ಕ ಕೂರೋನು, ಇಬ್ರೂ ಫೀಲ್ಡಿಂಗಲ್ಲಿ ನಿಲ್ಲೋದು ಒಂದೇ ಪೊಸಿಷನ್ನು, ಸೆಕೆಂಡ್ ಬೇಸು. ಆ ಗೆಳೆಯನಿಗೆ ಪ್ರಮೋಷನ್ ಬಂತು. ಅಲ್ಲಿ ಪ್ರಮೋಷನ್ ಅಂದ್ರೆ ಹೆಂಗೆ ಗೊತ್ತಾ, ಮ್ಯಾಚ್ ಆದ್ಮೇಲೆ ಮ್ಯಾನೇಜರ್ ಕರೆದು ಹೇಳ್ತಾನೆ, ಬೆಳಿಗ್ಗೆ ಫ್ಲೈಟು, ಅಷ್ಟೇ. ರಾತ್ರಿ ಒಂದು ಗಂಟೆಗೆ ನಮ್ಮ ಹುಡುಗ ಅವನ ಮನೆಗೆ ಹೋಗಿ ಪ್ಯಾಕಿಂಗ್ ಮಾಡಿಕೊಟ್ಟು, ಬೆಳಿಗ್ಗೆ ನಾಲ್ಕಕ್ಕೆ ಏರ್‌ಪೋರ್ಟಿಗೆ ಬಿಟ್ಟು ಬಂದ. ಐದೂವರೆಗೆ ನಾನು ಎದ್ದಾಗ ಅಡುಗೆಮನೆಯಲ್ಲಿ ಕತ್ತಲಲ್ಲಿ ಕೂತಿದ್ದ. ಕಾಫಿ ಮಾಡಿದೆ, ನಮ್ಮ ಫಿಲ್ಟರ್ ಕಾಫಿ ಅಭ್ಯಾಸ ಆಗಿತ್ತು ಅವನಿಗೆ. ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ, ಅವನು ನನ್ನ ಬೆಸ್ಟ್ ಫ್ರೆಂಡು, ಅವನಿಗೆ ಸಿಕ್ಕಿದ್ದು ನಂಗೆ ನಿಜವಾಗ್ಲೂ ಖುಷಿ, ಮತ್ತೆ ಏರ್‌ಪೋರ್ಟಿಂದ ಬರ್ತಾ ದಾರಿಪೂರ್ತಿ ಅವನ ಮೊಣಕಾಲು ಮುರೀಲಿ ಅಂತ ಅನ್ಕೊಂಡು ಬಂದೆ. ಎರಡೂ ನಿಜ. ಎರಡನ್ನೂ ಎಲ್ಲಿ ಬರೀಲಿ, ನೋಟ್‌ಬುಕ್ಕಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ನಂಗೆ ಆ ಬೆಳಿಗ್ಗೆ ಅವನ ಮೇಲೆ ತುಂಬಾ ಗೌರವ ಬಂತು. ಪಾಸಿಟಿವ್ ಥಿಂಕಿಂಗ್ ಅಂತ ಹೇಳಿಕೊಡೋರು ಹೊಟ್ಟೆಕಿಚ್ಚಿನ ಬಗ್ಗೆ ಯಾಕೆ ಮಾತಾಡಲ್ಲ? ನಿಮ್ಮ ಅಂಡರ್ ಸಿಕ್ಸ್‌ಟೀನ್ ಸೆಲೆಕ್ಷನ್ನಲ್ಲೂ ಇದೇ ಅಲ್ವಾ, ಕಿಟ್ ಬ್ಯಾಗ್ ಹಂಚ್ಕೊಂಡು ಬಂದ ಫ್ರೆಂಡ್ ಹೆಸರು ಲಿಸ್ಟಲ್ಲಿ ಇರತ್ತೆ, ನಿಮ್ಮದು ಇರಲ್ಲ. ಇಲ್ಲಿ ಇಬ್ರು ಮಕ್ಕಳು ಒಬ್ಬರನ್ನೊಬ್ಬರು ನೋಡಿ ತಲೆ ಬಗ್ಗಿಸಿದ್ರು, ನಾನು ನೋಡಿದೆ, ಹೆಸರು ಕೇಳಲ್ಲ ಬಿಡಿ.

ಸೆಪ್ಟೆಂಬರ್ ಮೊದಲ ವಾರ ಸೀಸನ್ ಮುಗೀತು. ಹೊರಡೋ ಹಿಂದಿನ ದಿನ ಸೀಸನ್ ಹೆಂಗಾಯ್ತು ಅಂತ ಕೇಳಿದೆ, ಐದು ತಿಂಗಳಲ್ಲಿ ಮೊದಲ ಸಲ ಕೇಳಿದ್ದು. ಏಪ್ರಿಲಲ್ಲಿ ಬಂದಾಗ ನಾನು ಮೇಲೆ ಹೋಗ್ತೀನಿ ಅಂತ ಗೊತ್ತಿತ್ತು, ಜೂನಲ್ಲಿ ಹೋಗಲ್ಲ ಅಂತ ಗೊತ್ತಿತ್ತು, ಎರಡು ಸಲನೂ ಸುಳ್ಳೇ ಗೊತ್ತಿತ್ತು, ಈಗ ಏನೂ ಗೊತ್ತಿಲ್ಲ, ನಿದ್ದೆ ಚೆನ್ನಾಗಿ ಬರತ್ತೆ ಅಂದ.

ಆಮೇಲೆ 2020. ಕೊರೋನಾ. ಮೈನರ್ ಲೀಗ್ ಸೀಸನ್ ಪೂರ್ತಿ ಕ್ಯಾನ್ಸಲ್, ಒಂದು ಮ್ಯಾಚೂ ನಡೀಲಿಲ್ಲ. ಆ ಬೇಸಿಗೆಲಿ ಬೇರೆಬೇರೆ ಟೀಮುಗಳು ನೂರಾರು ಹುಡುಗರನ್ನ ಕೈಬಿಟ್ಟವು, ಮುಂದಿನ ವರ್ಷ ಮೈನರ್ ಲೀಗ್ ಟೀಮುಗಳನ್ನೇ 160ರಿಂದ 120ಕ್ಕೆ ಇಳಿಸಿದ್ರು. ನಮ್ಮ ಹುಡುಗನಿಗೂ ಒಂದು ಫೋನ್ ಬಂತು, ಕೆಲವೇ ನಿಮಿಷದ್ದು. ಅವನು ನಂಗೆ ಫೋನ್ ಮಾಡಿದಾಗ ನಾನು ಮಾಡಬಾರದ ತಪ್ಪನ್ನೇ ಮತ್ತೆ ಮಾಡಿದೆ, ಬಿಡು, ನಿನ್ನೆದು ಮುಗೀತು, ನೋಟ್‌ಬುಕ್ ಮುಚ್ಚು, ನೀನೇ ಹೇಳ್ತಿದ್ಯಲ್ಲ ಅಂತ. ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ ಅಂದ, ಮ್ಯಾಮ್, ಅದು ಕೆಲಸ ಮಾಡ್ತಿದ್ದಿದ್ದು ನಾಳೆ ಮ್ಯಾಚ್ ಇರ್ತಿತ್ತು ಅಂತ. ಈಗ ನಾಳೆ ಮ್ಯಾಚ್ ಇಲ್ಲ.

ನಂಗೆ ಇದಕ್ಕೆ ಉತ್ತರ ಗೊತ್ತಿರ್ಲಿಲ್ಲ, ಈಗ್ಲೂ ಗೊತ್ತಿಲ್ಲ. ಕರುಣ್ ನಾಯರ್ ಟ್ರಿಪಲ್ ಸೆಂಚುರಿ ಹೊಡೆದೂ ಟೀಮಿಂದ ಆಚೆ ಇದ್ದಾಗ 2022ರಲ್ಲಿ, ಡಿಯರ್ ಕ್ರಿಕೆಟ್ ಇನ್ನೊಂದು ಚಾನ್ಸ್ ಕೊಡು ಅಂತ ಬರೆದಿದ್ರಲ್ಲ, ಅವರಿಗೆ ಆಡೋಕೆ ವಿದರ್ಭ ಸಿಕ್ತು, 2025ರಲ್ಲಿ ಮತ್ತೆ ಟೆಸ್ಟ್ ಆಡಿದ್ರು, ವಾಪಸ್ ಬಂದ ಮೊದಲ ಇನಿಂಗ್ಸಲ್ಲಿ ಮತ್ತೆ ಸೊನ್ನೆ. ಆದ್ರೆ ಅವರಿಗೆ ನಾಳೆ ಅನ್ನೋದು ಒಂದಿತ್ತು. ಎಲ್ರಿಗೂ ವಿದರ್ಭ ಸಿಗಲ್ಲ.

ಪುಟ್ಟ, ನಿನ್ನ ಪ್ರಶ್ನೆ. ಇಲ್ಲ ಕಣೋ, ಸೆಲೆಕ್ಟ್ ಆಗ್ಲಿಲ್ಲ. 2021ರಲ್ಲಿ ಒಂದು ಇಂಡಿಪೆಂಡೆಂಟ್ ಲೀಗಲ್ಲಿ ಆಡಿದ, ಯಾವ ದೊಡ್ಡ ಟೀಮಿಗೂ ಸೇರದ ಲೀಗು ಅದು, ಅಲ್ಲಿಂದಾದ್ರೂ ಯಾರಾದ್ರೂ ಎತ್ಕೊಳ್ತಾರೇನೋ ಅಂತ. ಅದು ಮುಗಿದ ಮೇಲೆ ಫೋನ್ ಮಾಡಿದ್ದ, ಈಗ ಹೈಸ್ಕೂಲಲ್ಲಿ ಮೇಷ್ಟ್ರು ಕೆಲಸಕ್ಕೆ ಓದ್ತೀನಿ ಅಂತ. ನಾನು, ಮುಂದಿನ ವರ್ಷ ಇನ್ನೊಂದು ಸಲ ಟ್ರೈ ಮಾಡಲ್ವಾ, ಇನ್ನೂ ಇಪ್ಪತ್ನಾಲ್ಕು ಅಷ್ಟೇ ಅಲ್ವಾ ಅಂದೆ. ಅವನು ಕನ್ನಡದಲ್ಲಿ "ಸಾಕು" ಅಂದ. ಬೇಜಾರಿನ ದನಿ ಅಲ್ಲ. ತಟ್ಟೆ ಮೇಲೆ ಅಡ್ಡ ಕೈ ಹಿಡಿದು ಹೇಳ್ತಿದ್ನಲ್ಲ, ಅದೇ ದನಿ.